ಯೂನಿಟ್ಟಿನ ಬೆಲೆ, ಯಂತ್ರದ ನಕ್ಷತ್ರ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ, ಅದರ ದರ ಗೊತ್ತುಮಾಡಲು ಯಾವ ಆಯೋಗವೂ ಇರಲಿಲ್ಲ. ಮೈಸೂರು ಸರ್ಕಾರ ಉತ್ಪಾದಕ, ಗಣಿ ಕಂಪನಿಗಳು ಗಿರಾಕಿಗಳು. ಅವರ ನಡುವಿನ ಕರಾರೇ ಕಾನೂನು. 1910ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಂದ ವಿದ್ಯುತ್ ಕಾಯ್ದೆಯ ಗಮನವೂ ಹೆಚ್ಚಾಗಿ ಲೈಸೆನ್ಸು, ತಂತಿ, ಅಪಘಾತಗಳ ಮೇಲಿತ್ತು. ಉರಿಯುವ ದೀಪ ಎಷ್ಟು ವಿದ್ಯುತ್ತು ನುಂಗುತ್ತದೆ ಎಂಬುದು ಆಗ ಸರ್ಕಾರ ಕೇಳುವ ಪ್ರಶ್ನೆಯೇ ಆಗಿರಲಿಲ್ಲ.

ಸ್ವಾತಂತ್ರ್ಯದ ಮರುವರ್ಷ ಬಂದ 1948ರ ವಿದ್ಯುತ್ ಸರಬರಾಜು ಕಾಯ್ದೆ ರಾಜ್ಯಕ್ಕೊಂದು ವಿದ್ಯುತ್ ಮಂಡಳಿಗೆ ದಾರಿ ಮಾಡಿತು. ಅದರಂತೆ 1957ರಲ್ಲಿ ಹುಟ್ಟಿದ ಮೈಸೂರು ರಾಜ್ಯದ ಮಂಡಳಿಯೇ ಮುಂದೆ ಕೆಇಬಿ ಎಂದು ಮನೆಮಾತಾಯಿತು. ವಿದ್ಯುತ್ತು ಹಂಚುವುದು, ದರ ಕಟ್ಟುವುದು, ವಸೂಲಿ ಮಾಡುವುದು ಎಲ್ಲವೂ ಮಂಡಳಿಯದೇ. ಕಾಗದದಲ್ಲಿ ಸ್ವಾಯತ್ತ ಸಂಸ್ಥೆ. ದರದ ಮಾತು ಬಂದಾಗ ಮಾತ್ರ ವಿಧಾನಸೌಧದ ಕಡೆ ನೋಡಲೇಬೇಕು. ಹಸಿರು ಕ್ರಾಂತಿಯ ನಂತರ ಕೊಳವೆಬಾವಿಗಳು ಹೆಚ್ಚಿದವು. ಪಂಪ್‌ಸೆಟ್ಟಿಗೆ ಮೀಟರ್ ಓದುವ ಬದಲು ಅಶ್ವಶಕ್ತಿಯ ಲೆಕ್ಕದಲ್ಲಿ ಹಣ ಕಟ್ಟಿಸಿಕೊಳ್ಳುವ ಪದ್ಧತಿ ಹಲವು ರಾಜ್ಯಗಳಲ್ಲಿ ಬೇರೂರಿತು. ಪಂಪು ಒಂದು ಗಂಟೆ ಓಡಲಿ, ಹತ್ತು ಗಂಟೆ ಓಡಲಿ, ಬಿಲ್ಲು ಒಂದೇ. ಇದರಿಂದಾದ ಆದಾಯದ ಕೊರತೆಯನ್ನು ತುಂಬಿದ್ದು ಕಾರ್ಖಾನೆ ಮತ್ತು ಅಂಗಡಿಗಳ ದುಬಾರಿ ದರ. ಬೆಲೆಯ ಮೂಲಕ ಬಳಕೆಯನ್ನು ಹಿಡಿತದಲ್ಲಿಡುವ ದಾರಿ ಹೀಗೆ ಬಹು ಹಿಂದೆಯೇ ಅರ್ಧ ಮುಚ್ಚಿಹೋಯಿತು. ಮುಂದಿನ ಕಥೆಯನ್ನು ಈ ಒಂದು ಸಂಗತಿಯಿಲ್ಲದೆ ಅರ್ಥಮಾಡಿಕೊಳ್ಳಲಾಗದು.

ಬೇರೊಂದು ಪ್ರಶ್ನೆ ಎದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1987ರಲ್ಲಿ ರಾಜ್ಯದ ಸಮಿತಿಯೊಂದು 2000ದ ಇಸವಿಗೆ ಕರ್ನಾಟಕಕ್ಕೆ ಬೇಕಾಗುವ ವಿದ್ಯುತ್ತಿನ ಅಂದಾಜು ಮಾಡಿತ್ತು. ಹಳೆಯ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆಳೆದು, ಅಷ್ಟು ಸ್ಥಾವರ ಕಟ್ಟಬೇಕು ಎಂಬ ಧಾಟಿಯದು. ಸಂಸ್ಥೆಯ ವಿಜ್ಞಾನಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಇದನ್ನು ತಲೆಕೆಳಗು ಮಾಡಿದರು. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ. ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅವನ್ನು ಕಡಿಮೆ ವಿದ್ಯುತ್ತಿನಲ್ಲಿ ಒದಗಿಸುವ ದೀಪ, ಸೌರ ಹೀಟರ್, ಪಂಪುಗಳನ್ನು ಲೆಕ್ಕಕ್ಕೆ ಸೇರಿಸಿದರೆ ಸಮಿತಿ ಹೇಳಿದ್ದರಲ್ಲಿ ಅರ್ಧಕ್ಕೂ ಕಡಿಮೆ ವಿದ್ಯುತ್ತು ಸಾಕು, ಖರ್ಚೂ ಬಹಳ ಕಡಿಮೆ ಎಂದು 1990ರ ದಶಕದ ಆರಂಭದಲ್ಲಿ ಅವರ ಅಧ್ಯಯನ ತೋರಿಸಿತು. ಉಳಿಸಿದ ಯೂನಿಟ್ಟೂ ಉತ್ಪಾದಿಸಿದ ಯೂನಿಟ್ಟೇ ಎಂಬ ಈ ವಾದಕ್ಕೆ ಆಗ ಚಪ್ಪಾಳೆ ಸಿಕ್ಕಿತು, ಬಜೆಟ್ ಸಿಗಲಿಲ್ಲ. ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಬಹುದು, ಉಳಿತಾಯಕ್ಕೆ ಮಾಡಲಾಗದಲ್ಲ!

ಅದೇ ದಶಕದಲ್ಲಿ ಮಂಡಳಿಗಳ ಹಣಕಾಸು ಕುಸಿಯಿತು. 1991ರ ನಂತರ ಉತ್ಪಾದನೆ ಖಾಸಗಿಯವರಿಗೆ ತೆರೆಯಿತು. ಮಹಾರಾಷ್ಟ್ರದಲ್ಲಿ ಎನ್ರಾನ್ ಕಂಪನಿಯ ದಾಭೋಲ್ ಸ್ಥಾವರ ದರದ ಜಗಳದಲ್ಲಿ ಸಿಕ್ಕಿಬಿತ್ತು. ಮಂಗಳೂರಿನ ಬಳಿಗೆ ಬರಬೇಕಿದ್ದ ಕೊಜೆಂಟ್ರಿಕ್ಸ್ ಕಂಪನಿ ವರ್ಷಗಟ್ಟಲೆ ಎಳೆದಾಡಿ ಕೈಬಿಟ್ಟು ಹೋಯಿತು. ದರ ನಿರ್ಧಾರವನ್ನು ಮಂತ್ರಿಗಳಿಂದ ದೂರವಿಡಲು ಮೊದಲು ಕಾನೂನು ಮಾಡಿದ್ದು ಒಡಿಶಾ. 1998ರಲ್ಲಿ ಸಂಸತ್ತು ಕೇಂದ್ರ ಮತ್ತು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗಗಳಿಗೆ ಕಾಯ್ದೆ ಮಾಡಿತು. 1999ರಲ್ಲಿ ಕರ್ನಾಟಕದ ಸುಧಾರಣಾ ಕಾಯ್ದೆ ಜಾರಿಗೆ ಬಂದು, ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿತು. 2002ರಲ್ಲಿ ಅದರಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು ಬೇರ್ಪಟ್ಟವು. ಮೈಸೂರಿನ ಕಂಪನಿ ಆಮೇಲೆ ಬಂತು. ಆಯೋಗ ಬಂದದ್ದರಿಂದಾದ ದೊಡ್ಡ ಬದಲಾವಣೆ ಬಹಿರಂಗ ವಿಚಾರಣೆ. ಕಂಪನಿ ತನ್ನ ಖರ್ಚುವೆಚ್ಚವನ್ನು ಬಿಡಿಸಿ ಇಡಬೇಕು, ರೈತಸಂಘದವರೂ ಕೈಗಾರಿಕೆಯವರೂ ಅದನ್ನು ಪ್ರಶ್ನಿಸಬಹುದು, ಆಯೋಗ ಕಾರಣ ಕೊಟ್ಟು ಆದೇಶ ಬರೆಯಬೇಕು.

2003ರ ವಿದ್ಯುತ್ ಕಾಯ್ದೆ ಹಳೆಯ ಕೇಂದ್ರ ಕಾನೂನುಗಳನ್ನೆಲ್ಲ ಬದಿಗೆ ಸರಿಸಿತು. ಉತ್ಪಾದನೆಗೆ ಲೈಸೆನ್ಸಿನ ಹಂಗು ತಪ್ಪಿತು. ದೊಡ್ಡ ಗ್ರಾಹಕರು ಬೇರೆಯವರಿಂದ ವಿದ್ಯುತ್ತು ಕೊಂಡು ಸರ್ಕಾರಿ ತಂತಿಯಲ್ಲಿ ತರಿಸಿಕೊಳ್ಳುವ ಮುಕ್ತ ಪ್ರವೇಶಕ್ಕೆ ಬಾಗಿಲು ತೆರೆಯಿತು. ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡಬಯಸಿದರೆ ಹಣವನ್ನು ಮುಂಗಡವಾಗಿ ಕಟ್ಟಬೇಕು; ಎರಡು ವರ್ಷದಲ್ಲಿ ಎಲ್ಲ ಸಂಪರ್ಕಕ್ಕೂ ಮೀಟರ್ ಇರಬೇಕು. ಕೊನೆಯ ಎರಡು ಮಾತು ಪಂಪ್‌ಸೆಟ್ಟಿನ ಎದುರು ಸೋತವು. 2008ರಲ್ಲಿ ಕರ್ನಾಟಕ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತನ್ನು ಉಚಿತ ಮಾಡಿತು. ಈ ಪಂಪುಗಳು ನುಂಗುವ, ರಾಜ್ಯದ ಬಳಕೆಯ ಸುಮಾರು ಮೂರನೇ ಒಂದು ಪಾಲನ್ನು ಇಂದಿಗೂ ಹೆಚ್ಚಾಗಿ ಅಂದಾಜಿನಲ್ಲೇ ಲೆಕ್ಕ ಹಾಕಲಾಗುತ್ತದೆ.

ಸಗಟು ಮಾರುಕಟ್ಟೆಯ ಮಾತು ಬೇರೆ. ಅಲ್ಲಿ ಬೆಲೆ ನಿಜವಾಗಿ ಕೆಲಸ ಮಾಡಿತು. ದಕ್ಷಿಣದ ಜಾಲಕ್ಕೆ 2003ರ ಜನವರಿಯಲ್ಲಿ ಬಂದ ಲಭ್ಯತೆ ಆಧಾರಿತ ದರಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. ಜಾಲದ ಆವರ್ತನ 50 ಹರ್ಟ್ಸ್ ಇರಬೇಕು. ಬೇಡಿಕೆ ಮಿತಿಮೀರಿದಾಗ ಅದು 49ಕ್ಕಿಂತಲೂ ಕೆಳಗೆ ಬೀಳುವುದು ಆ ಕಾಲದಲ್ಲಿ ಮಾಮೂಲಾಗಿತ್ತು. ಹೊಸ ಪದ್ಧತಿ, ಒಪ್ಪಿದ್ದಕ್ಕಿಂತ ಹೆಚ್ಚು ಎಳೆದ ರಾಜ್ಯಕ್ಕೆ ಆ ಗಳಿಗೆಯ ಆವರ್ತನ ನೋಡಿ ದಂಡ ಹಾಕಿತು. ಆವರ್ತನ ಕುಸಿದಷ್ಟೂ ಯೂನಿಟ್ಟು ದುಬಾರಿ. ಶಿಸ್ತು ತಾನಾಗಿ ಬಂತು, ಪೂರ್ತಿಯಾಗಿ ಅಲ್ಲದಿದ್ದರೂ: 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯದ ಜಾಲಗಳು ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಉಳಿದರು.

2008ರ ಜೂನ್‌ನಲ್ಲಿ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಶುರುವಾಯಿತು. ನಾಳೆಯ ವಿದ್ಯುತ್ತು ಇಂದೇ ಹರಾಜಿಗೆ ಬಂತು. ಉತ್ತರದಿಂದ ತಂದುಕೊಳ್ಳಲು ಸಾಕಷ್ಟು ತಂತಿ ಇಲ್ಲದ ಕಾರಣ ದಕ್ಷಿಣದ ಬೆಲೆ ಉಳಿದೆಡೆಗಿಂತ ಮೇಲೆಯೇ ಇರುತ್ತಿತ್ತು. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾಗಿ ಇಡೀ ದೇಶ ಒಂದೇ ಆವರ್ತನಕ್ಕೆ ಬಂತು. ಆದರೂ ಕೊರತೆ ಬಂದಾಗ ಸರ್ಕಾರಗಳು ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟಿಲ್ಲ. 2022ರ ಬೇಸಿಗೆಯಲ್ಲಿ ಯೂನಿಟ್ಟಿನ ಬೆಲೆ 20 ರೂಪಾಯಿ ಮುಟ್ಟಿದಾಗ ಕೇಂದ್ರ ಆಯೋಗ 12 ರೂಪಾಯಿಯ ಮಿತಿ ಹಾಕಿ, ಮರುವರ್ಷ ಅದನ್ನು 10ಕ್ಕೆ ಇಳಿಸಿತು. 2023ರ ಬರದಲ್ಲಿ ಕರ್ನಾಟಕ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು, ರಾಜ್ಯದ ಉತ್ಪಾದಕರು ಹೊರಗೆ ಮಾರದಂತೆ ಆದೇಶಿಸಿತು.

ಯಂತ್ರಗಳ ನಿಯಂತ್ರಣ ಇದಕ್ಕೆ ಸಮಾನಾಂತರವಾಗಿ, ಸದ್ದಿಲ್ಲದೆ ಬೆಳೆಯಿತು. 2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರ ಮಾರ್ಚ್‌ನಲ್ಲಿ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. 2006ರಲ್ಲಿ ಫ್ರಿಜ್ ಮತ್ತು ಟ್ಯೂಬ್‌ಲೈಟುಗಳ ಮೇಲೆ ನಕ್ಷತ್ರದ ಚೀಟಿ ಬಂತು. ಮೊದಲು ಇಷ್ಟವಿದ್ದ ತಯಾರಕರಿಗೆ ಮಾತ್ರ, 2010ರಲ್ಲಿ ಫ್ರಾಸ್ಟ್‌ಫ್ರೀ ಫ್ರಿಜ್, ಎಸಿ, ಟ್ಯೂಬ್‌ಲೈಟ್, ವಿತರಣಾ ಟ್ರಾನ್ಸ್‌ಫಾರ್ಮರ್‌ಗಳಿಗೆ ಕಡ್ಡಾಯ. ಇದರ ಜಾಣತನ ಇರುವುದು ನಕ್ಷತ್ರ ಸ್ಥಿರವಾಗಿಲ್ಲದಿರುವುದರಲ್ಲಿ. ಒಂದು ವ್ಯಾಟ್ ವಿದ್ಯುತ್ತಿಗೆ 3.1 ವ್ಯಾಟ್ ತಂಪು ಕೊಡುವ ಎಸಿಗೆ 2010ರಲ್ಲಿ ಐದು ನಕ್ಷತ್ರ. 2014ರಲ್ಲಿ ಅದೇ ಯಂತ್ರಕ್ಕೆ ಮೂರು. ಒಂದು ನಕ್ಷತ್ರಕ್ಕೂ ಅರ್ಹವಲ್ಲದ್ದನ್ನು ಮಾರುವಂತಿಲ್ಲ. ಕೊಳ್ಳುವವರಿಗೆ ಬಿಲ್ಲಿನ ಚಿಂತೆ ಇರಲಿ ಇಲ್ಲದಿರಲಿ, ಅಂಗಡಿಯಲ್ಲಿರುವ ಸರಕೇ ಸುಧಾರಿಸುತ್ತ ಹೋಯಿತು. ದರದಿಂದ ಆಗದ್ದು ಮಾನದಂಡದಿಂದ ಆದದ್ದು ಹೀಗೆ. 2020ರಿಂದ ಎಸಿ ಹಚ್ಚಿದೊಡನೆ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮವೂ ಬಂತು. 2023ರಲ್ಲಿ ಸೀಲಿಂಗ್ ಫ್ಯಾನಿಗೂ ಚೀಟಿ ಕಡ್ಡಾಯವಾಯಿತು. ಸುಮಾರು 75 ವ್ಯಾಟ್ ಎಳೆಯುತ್ತಿದ್ದ ಹಳೆಯ ಫ್ಯಾನಿನ ಕೆಲಸವನ್ನು ಬಿಎಲ್‌ಡಿಸಿ ಮೋಟರಿನದು ಅದರ ಅರ್ಧಕ್ಕೂ ಕಡಿಮೆಯಲ್ಲಿ ಮಾಡುತ್ತದೆ.

ಎಲ್‌ಇಡಿ ಬಲ್ಬಿಗೆ ಮಾತ್ರ ಕಟ್ಟಳೆಗಿಂತ ಸಗಟು ಖರೀದಿ ನೆರವಾಯಿತು. ಸರ್ಕಾರಿ ಕಂಪನಿ ಇಇಎಸ್‌ಎಲ್ ಕೋಟಿಗಟ್ಟಲೆ ಬಲ್ಬಿಗೆ ಟೆಂಡರ್ ಕರೆಯುತ್ತ ಹೋದಂತೆ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಈ ಬಲ್ಬುಗಳು ಹೊಸಬೆಳಕು ಯೋಜನೆಯ ಹೆಸರಿನಲ್ಲಿ ಮನೆ ಸೇರಿದವು.

ದಕ್ಷತೆಯೂ ಮಾರುಕಟ್ಟೆಯೂ ಒಂದೆಡೆ ಸೇರಿದ್ದು 2012ರ ಪ್ಯಾಟ್ ಯೋಜನೆಯಲ್ಲಿ. ಸಿಮೆಂಟು, ಉಕ್ಕು, ಕಾಗದ ಮೊದಲಾದ 8 ವಲಯಗಳ 478 ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಡಲಾಯಿತು. ಗುರಿ ಮೀರಿ ಉಳಿಸಿದವರಿಗೆ ಒಂದು ಟನ್ ತೈಲಕ್ಕೆ ಸಮನಾದ ಶಕ್ತಿಗೆ ಒಂದು ಪ್ರಮಾಣಪತ್ರ. ಮುಟ್ಟದವರು ಅದನ್ನು ಕೊಳ್ಳಬೇಕು. 2017ರಲ್ಲಿ ಈ ಪತ್ರಗಳು ವಿದ್ಯುತ್ ವಿನಿಮಯ ಕೇಂದ್ರಗಳಲ್ಲೇ ಮಾರಾಟವಾದವು. ಅಮೂಲ್ಯ ರೆಡ್ಡಿಯವರು ಲೆಕ್ಕಕ್ಕೆ ಸೇರಿಸಿದ್ದ ಉಳಿತಾಯಕ್ಕೆ ಕೊನೆಗೂ ಕೊಳ್ಳುವವರು ಸಿಕ್ಕರು. ಆದರೆ ಗುರಿಗಳು ಸಡಿಲವಾಗಿದ್ದುದರಿಂದ ಪತ್ರ ಹೆಚ್ಚಾಗಿ, ಬೆಲೆ ಕುಸಿಯಿತು. 2022ರ ತಿದ್ದುಪಡಿ ಇಂಧನ ಸಂರಕ್ಷಣಾ ಕಾಯ್ದೆಗೆ ಕಾರ್ಬನ್ ಕ್ರೆಡಿಟ್ ವ್ಯಾಪಾರವನ್ನು ಸೇರಿಸಿದೆ.

ಮನೆಯ ಬಿಲ್ಲಿನಲ್ಲಿ ಬೆಲೆಯ ಸೂಚನೆ ಇಂದಿಗೂ ಎರಡು ದಿಕ್ಕಿಗೆ ಎಳೆಯುತ್ತಿದೆ. 2023ರಲ್ಲಿ ಕರ್ನಾಟಕದ ಗೃಹಜ್ಯೋತಿ ಯೋಜನೆ ಮನೆಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ತನ್ನು ಉಚಿತ ಮಾಡಿತು. ಆದರೆ ಅದು ಆರಂಭದಲ್ಲಿ ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿದ ಮಿತಿಯೊಳಗೆ ಮಾತ್ರ ಇತ್ತು. ಅದೇ ವರ್ಷ ಕೇಂದ್ರ ತಂದ ಗ್ರಾಹಕ ಹಕ್ಕುಗಳ ನಿಯಮದ ತಿದ್ದುಪಡಿ, ಬಿಸಿಲಿರುವ ಹೊತ್ತಿನಲ್ಲಿ ಅಗ್ಗ, ಸಂಜೆಯ ಒತ್ತಡದಲ್ಲಿ ದುಬಾರಿ ಎಂಬ ಸಮಯಾಧಾರಿತ ದರಕ್ಕೆ ಗಡುವು ಹಾಕಿತು: ದೊಡ್ಡ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್, ಉಳಿದವರಿಗೆ 2025ರ ಏಪ್ರಿಲ್. ಕೃಷಿ ಸಂಪರ್ಕಗಳಿಗೆ ಅದರಲ್ಲೂ ವಿನಾಯಿತಿ.