ಸಂಕಮ್ಮನ ಕಥೆ ಶಾಲೆಯ ಬೀರುವಿನಲ್ಲಿ ಇರಬಹುದಾ?

ಶಾಲೆ ಲೈಬ್ರರಿಯಲ್ಲಿ ಅಶ್ಲೀಲ ಪುಸ್ತಕ ಮಕ್ಕಳ ಕೈಗೆ ಸಿಗಬಾರದು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಅದರ ಬೆನ್ನಿಗೇ ಬರೋ ಇನ್ನೊಂದು ಮಾತಿನ ಮೇಲೆ: ಗಂಡು-ಹೆಣ್ಣಿನ ವಿಷಯ ಬಂದ ಯಾವ ಪುಸ್ತಕವೇ ಆಗಲಿ, ತೆಗೆದು ಬಿಸಾಕಿ ಅನ್ನೋದು. ಹಾಗೆ ಮಾಡಿದ್ರೆ ಮಲೆ ಮಹದೇಶ್ವರ ಬೆಟ್ಟದ ಶಾಲೆಗಳಿಂದ ಮೊದಲು ಆಚೆ ಹೋಗಬೇಕಾದ್ದು ಮಾದಪ್ಪನ, ಅಂದ್ರೆ ಮಹದೇಶ್ವರನ, ಕಾವ್ಯವೇ!

ಆ ಕಾವ್ಯದ ಸಂಕಮ್ಮನ ಸಾಲು, ಅಂದ್ರೆ ಆಕೆಯ ಕಥೆ ಹೇಳೋ ಭಾಗ, ನೆನಪು ಮಾಡ್ಕೊಳ್ಳಿ. ಗಂಡ ನೀಲೇಗೌಡ ಕಾಡಿಗೆ ಹೊರಟಿದ್ದಾನೆ. ಹೆಂಡತಿ ಮೇಲೆ ಅನುಮಾನ. ಶೀಲದ ಬಗ್ಗೆ ಬಲಗೈ ಭಾಷೆ ಕೊಡು ಅಂತ ಪಟ್ಟು ಹಿಡೀತಾನೆ. ಆಕೆ ಜಪ್ಪಯ್ಯ ಅಂದ್ರೂ ಕೊಡಲ್ಲ. ಹಿಂಸೆ ಕೊಟ್ಟು, ಕಟ್ಟಿಹಾಕಿ ಹೋಗ್ತಾನೆ. ಮಾದಪ್ಪ ಬಂದು ಬಿಡಿಸ್ತಾನೆ, ಸಂತಾನದ ವರ ಕೊಡ್ತಾನೆ, ಕಾರಯ್ಯ ಬಿಲ್ಲಯ್ಯ ಹುಟ್ತಾರೆ. ಶೀಲದ ಶಂಕೆ, ಹೆಣ್ಣಿನ ಮೇಲಿನ ಹಿಂಸೆ, ಬಸಿರು ಎಲ್ಲಾ ಇದೆ. ಮಾದಪ್ಪನ ಹಾಡು ಹಾಡೋ ದೇವರಗುಡ್ಡರು ಕಂಸಾಳೆಯ ತಾಳ ಹಿಡಿದು ರಾತ್ರಿಯಿಡೀ ಇದನ್ನ ಹಾಡುವಾಗ ಮಕ್ಕಳೂ ಅಜ್ಜಿ ಮಡಿಲಲ್ಲಿ ಕೂತು ಕೇಳ್ತಾರೆ. ಕೇಳೋ ಮಗುವಿನ ಕರುಳು ಸಂಕಮ್ಮನಿಗೆ ಮಿಡಿಯುತ್ತೆ. ಆ ಹಾಡು ಆಕೆಯ ಸಂಕಟ ತೋರಿಸುತ್ತೆ. ಕೆಣಕೋಕೆ ಬರೆದ ಪುಸ್ತಕ ಮೈಯನ್ನ ಮಾರುತ್ತೆ. ನಾನು ಗೆರೆ ಎಳೆಯೋದು ಇಲ್ಲಿ.

ಕಾನೂನೂ ಹತ್ತಿರಹತ್ತಿರ ಇದನ್ನೇ ಹೇಳುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 295ನೇ ಸೆಕ್ಷನ್ ಪ್ರಕಾರ ಮಗುವಿಗೆ ಅಶ್ಲೀಲ ವಸ್ತು ಮಾರಿದ್ರೆ, ಹಂಚಿದ್ರೆ ಮೊದಲ ಸಲವೇ 3 ವರ್ಷದವರೆಗೆ ಜೈಲು. ಆದ್ರೆ ಅಶ್ಲೀಲ ಯಾವುದು ಅಂತ ಹೇಳೋ 294ನೇ ಸೆಕ್ಷನ್ನು ಸಾರ್ವಜನಿಕ ಹಿತದ ಸಾಹಿತ್ಯ, ಕಲೆ, ವಿಜ್ಞಾನ, ಕಲಿಕೆಗೆ ವಿನಾಯಿತಿ ಕೊಟ್ಟಿದೆ. ಧಾರ್ಮಿಕ ಉದ್ದೇಶಕ್ಕೂ ಇದೆ.

ಒಂದು ನಿಮಿಷ, ಸಂಕಮ್ಮನ ವಿಷಯಕ್ಕೆ ವಾಪಸ್ ಬರ್ತೀನಿ. ಮೂರನೇ ಕ್ಲಾಸಿನ ಮಗುವಿಗೆ ಇಡೀ ಕಾವ್ಯ ಕೊಟ್ಬಿಡಿ ಅಂತ ನಾನು ಹೇಳ್ತಿಲ್ಲ. ಹಾಡು ಕೇಳುವಾಗ ಪಕ್ಕದಲ್ಲಿ ದೊಡ್ಡವರಿರ್ತಾರೆ, 'ಯಾಕಜ್ಜಿ ಹೊಡೆದ?' ಅಂತ ಕೇಳಬಹುದು. ಪುಸ್ತಕದ ಮುಂದೆ ಮಗು ಒಂಟಿ. ಅದಕ್ಕೇ ವಯಸ್ಸಿಗೆ ತಕ್ಕ ಹಾಗೆ ಬೇರೆಬೇರೆ ಅರೆ ಬೇಕು. ದಾನಿಗಳು ಕೊಟ್ಟ ಪುಸ್ತಕದ ಕಟ್ಟನ್ನ ಬಿಚ್ಚಿ ನೇರ ಜೋಡಿಸೋದು ನಿಲ್ಲಬೇಕು, ಮೊದಲು ಮೇಷ್ಟ್ರು ಓದಬೇಕು. ಬುಡಕಟ್ಟು ಜನರ ಹಾಡಿ ಪಕ್ಕದ ಪುಟ್ಟ ಶಾಲೆಯಲ್ಲಿ ಆ ಮೇಷ್ಟ್ರ ತಲೆ ಮೇಲೆ ಬಿಸಿಯೂಟದ ಲೆಕ್ಕವೂ ಇರುತ್ತೆ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿರೋ ಅಪ್ಪ-ಅಮ್ಮಂದಿರು ಈ ಕೆಲಸಕ್ಕೆ ಕೈಜೋಡಿಸಲಿ.

ಇನ್ನು ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ ಹೇಳಿಕೊಡೋ ಪುಸ್ತಕ, ಮುಟ್ಟಿನ ಬಗ್ಗೆ ಇರೋ ಪುಸ್ತಕ: ಇವನ್ನ ಮಾತ್ರ ದಯವಿಟ್ಟು ಮುಟ್ಟಬೇಡಿ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಇದೆ, ಮಕ್ಕಳ 1098 ಸಹಾಯವಾಣಿ ಇದೆ. ಆದ್ರೆ ಫೋನ್ ಎತ್ತಿಕೊಂಡ ಮಗುವಿಗೆ, ತನಗೆ ಏನಾಯ್ತು ಅಂತ ಹೇಳೋಕೆ ಮಾತು ಗೊತ್ತಿರಬೇಕಲ್ಲ.