ಗದ್ದಲದ ನಡುವೆ ಸಮಯದ ದನಿ
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಜವಾನರ ಮಗ ನಾನು. ಅಪ್ಪನ ಹತ್ತಿರ ಒಂದು ಶಾರ್ಟ್‌ವೇವ್ ರೇಡಿಯೋ ಇತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು 10 ಮೆಗಾಹರ್ಟ್ಸ್‌ನಲ್ಲಿ ಎಟಿಎ ಎಂಬ ಹೆಸರಿನಿಂದ ಸಮಯದ ಸಂಕೇತ ಪ್ರಸಾರ ಮಾಡುತ್ತಿತ್ತು. ವಿಜ್ಞಾನದ ಮೇಷ್ಟ್ರು ಮುಳ್ಳನ್ನು ಅಲ್ಲಿಗೆ ಹೊಂದಿಸುವುದನ್ನು ಅಪ್ಪನಿಗೆ ಕಲಿಸಿದ್ದರು. ಆ ಟಿಕ್ ಟಿಕ್ ಕೇಳಿ ಗಡಿಯಾರ ಸರಿಪಡಿಸಿಕೊಂಡೇ ಅಪ್ಪ ಶಾಲೆಗೆ ಹೊರಡುತ್ತಿದ್ದರು.

ಅಪ್ಪ ನಿವೃತ್ತರಾದ ಮೇಲೆ ನಾನು ಮನೆಗೆ ಕಂಪ್ಯೂಟರ್ ತಂದೆ. ಕೆಲವು ದಿನಗಳಲ್ಲೇ ಅಪ್ಪ, "ರೇಡಿಯೋದಲ್ಲಿ ಬರೀ ಗರ್ ಅನ್ನುತ್ತೆ, ಟಿಕ್ ಟಿಕ್ ಕೇಳಿಸೋದಿಲ್ಲ" ಎಂದರು. ನಾನು, "ರೇಡಿಯೋ ಹಳೆಯದಾಯ್ತು, ನಿಮಗೆ ಕಿವಿಯೂ ಮಂದವಾಗಿರಬೇಕು" ಎಂದುಬಿಟ್ಟೆ. ಅವರು ಸುಮ್ಮನಾದರು.

ಒಂದು ಸಂಜೆ ಕರೆಂಟು ಹೋಯಿತು. ರೇಡಿಯೋ ಸೆಲ್ಲಿನ ಮೇಲೆ ನಡೆಯುತ್ತಿತ್ತು. ಕತ್ತಲಲ್ಲಿ ಟಿಕ್ ಟಿಕ್ ಸ್ಪಷ್ಟವಾಗಿ ಕೇಳಿಸಿತು! ಕರೆಂಟು ಬಂದ ಮೇಲೂ ಕೇಳಿಸುತ್ತಿತ್ತು. ನಾನು ಕಂಪ್ಯೂಟರ್ ಹಾಕಿದೆ, ಗರ್ ಎಂದು ಮುಚ್ಚಿಹೋಯಿತು. ಅಪ್ಪ ನಗುತ್ತಾ, "ನನ್ನ ಕಿವಿ ಸರಿಯಾಗೇ ಇದೆ ಕಣೋ" ಎಂದರು.

ಕಾರಣ ಸರಳ. ಕಂಪ್ಯೂಟರಿನ ವಿದ್ಯುತ್ ಪೂರೈಕೆಯ ಡಬ್ಬಿ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಹಾಕಿ ಆರಿಸುತ್ತದೆ. 50 ಸಾವಿರ ಸಲ ಎಂದಿಟ್ಟುಕೊಳ್ಳಿ. ಆ ಆವೃತ್ತಿಯ ಜೊತೆಗೆ ಅದರ ಅಪವರ್ತ್ಯಗಳೂ ಹುಟ್ಟುತ್ತವೆ. 200ನೆಯ ಅಪವರ್ತ್ಯ ಎಷ್ಟು? 1 ಕೋಟಿ, ಅಂದರೆ ಸರಿಯಾಗಿ 10 ಮೆಗಾಹರ್ಟ್ಸ್! ಕಂಪ್ಯೂಟರಿಗೆ ತಗುಲಿಸಿದ ತಂತಿಗಳೇ ಏರಿಯಲ್ ಆಗಿ ಆ ಗದ್ದಲವನ್ನು ಮನೆಯೆಲ್ಲ ಹರಡುತ್ತವೆ. ದೂರದಿಂದ ಬರುವ ದುರ್ಬಲ ಸಂಕೇತ ಅದರಡಿ ಮುಳುಗುತ್ತದೆ.

ಅಪ್ಪ, ನಾನು ಕೂತು ಒಂದೊಂದನ್ನೇ ಪರೀಕ್ಷಿಸಿದೆವು. ಮಾನಿಟರ್ ಆರಿಸಿದಾಗ ಗದ್ದಲ ಸ್ವಲ್ಪ ಇಳಿಯಿತು, ಪ್ಲಗ್ಗನ್ನೇ ಕಿತ್ತಾಗ ಪೂರ್ತಿ ಹೋಯಿತು. ರೇಡಿಯೋವನ್ನು ಎಲಿಮಿನೇಟರಿಗೆ ಹಾಕದೆ ಸೆಲ್ಲಿನ ಮೇಲೇ ಇಟ್ಟೆವು. ಗೋಡೆಯ ತಂತಿಯಿಂದ ಬರುವ ದಾರಿ ಮುಚ್ಚಿತು. ಕಂಪ್ಯೂಟರ್ ಮೇಜಿನ ಪಕ್ಕದಲ್ಲಿದ್ದ ಏರಿಯಲ್ ತಂತಿಯನ್ನು ಹಿತ್ತಲಿನ ತೆಂಗಿನಮರದ ಕಡೆಗೆ ಕಟ್ಟಿ, ಟೀವಿಗೆ ಬಳಸುವಂಥ ಹೊದಿಕೆಯುಳ್ಳ ಕೇಬಲ್ಲಿನಲ್ಲಿ ಒಳಗೆ ತಂದೆವು. ಹೆಚ್ಚು ಪ್ರಯೋಜನವಾದದ್ದು ಇದರಿಂದಲೇ. ಕೊನೆಗೆ ಫೆರೈಟ್ ಉಂಗುರ ತಂದು, ಕಂಪ್ಯೂಟರಿಗೆ ಸಮೀಪದಲ್ಲೇ ಅದರ ಕರೆಂಟಿನ ವೈರನ್ನು ಐದಾರು ಸುತ್ತು ಸುತ್ತಿದೆವು. ಉಂಗುರ ಮನೆಯ ಕರೆಂಟನ್ನು ತಡೆಯುವುದಿಲ್ಲ, ವೈರಿನ ಮೇಲೆ ಹರಿದು ಬರುವ ರೇಡಿಯೋ ಗದ್ದಲವನ್ನು ತಡೆಯುತ್ತದೆ. ಗದ್ದಲ ಪೂರ್ತಿ ಹೋಗಲಿಲ್ಲ. ಆದರೆ ಕಂಪ್ಯೂಟರ್ ನಡೆಯುತ್ತಿದ್ದರೂ ಟಿಕ್ ಟಿಕ್ ಎಣಿಸುವಂತಾಯಿತು.

ಮಕ್ಕಳೇ, ದೆಹಲಿಯ ಆ ಪ್ರಸಾರ ಈಗ ನಿಂತಿದೆ. ಚೀನಾದ ಬಿಪಿಎಂ ಕೇಂದ್ರ 5, 10 ಮೆಗಾಹರ್ಟ್ಸ್‌ಗಳಲ್ಲಿ ಸಿಗಬಹುದು. ಸುಮಾರು 4 ಸಾವಿರ ಕಿಲೋಮೀಟರ್ ದೂರದಿಂದ ಅಯಾನುಗೋಳಕ್ಕೆ ತಾಗಿ ಬರುವ ಆ ದನಿ ನಮ್ಮನ್ನು ತಲುಪಲು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. ಶಾಲೆಯ ಕಂಪ್ಯೂಟರ್ ಕೋಣೆಯ ಬಳಿ ರೇಡಿಯೋ ಹಿಡಿದು ಹೋಗಿ, ಎಷ್ಟು ಹೆಜ್ಜೆ ದೂರದಲ್ಲಿ ಗದ್ದಲ ಇಳಿಯುತ್ತದೆ ಎಂದು ಬರೆದುಕೊಳ್ಳಿ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳನ್ನೂ ಪರೀಕ್ಷಿಸಿ. ಆದರೆ ವಿದ್ಯುತ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಅಪ್ಪ ಈಗಿಲ್ಲ. ಅವರ ಕಿವಿಯನ್ನು ದೂರುವ ಮೊದಲು ನಾನು ಒಂದು ಸ್ವಿಚ್ಚು ಆರಿಸಿ ನೋಡಬೇಕಿತ್ತು. ಕೇಳಿಸುತ್ತಿಲ್ಲ ಎಂದು ಯಾರಾದರೂ ಹೇಳಿದರೆ, ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಅದು ನಮ್ಮ ಮೇಜಿನಿಂದಲೇ ಬರುತ್ತಿರಬಹುದು.