ಜಪಾನಿ ಶಾಲೆಯಲ್ಲಿ ಕೆಲಸ: ‘ಹೈ’ ಅನ್ನುವ ಮೊದಲು



“ಅಮೆರಿಕದಲ್ಲಿ ಜಪಾನಿ ಶಾಲೆಯಾ?” ಅಂತ ನಮ್ಮಮ್ಮ ಫೋನಿನಲ್ಲಿ ಕೇಳಿದ್ದರು. ಹೌದು, ಇವೆ. ಕಂಪನಿ ಕೆಲಸಕ್ಕೆ ಕೆಲವು ವರ್ಷ ಇಲ್ಲಿಗೆ ಬರುವ ಜಪಾನಿನವರ ಮಕ್ಕಳು ಊರಿಗೆ ಮರಳಿದಾಗ ಪಾಠದಲ್ಲಿ ಹಿಂದೆ ಬೀಳಬಾರದಲ್ಲ, ಅದಕ್ಕೆ. 1975ರಲ್ಲಿ ಕ್ವೀನ್ಸ್‌ನಲ್ಲಿ ಶುರುವಾದ ನ್ಯೂಯಾರ್ಕ್ ಜಪಾನಿ ಶಾಲೆ 1992ರಲ್ಲಿ ಕನೆಕ್ಟಿಕಟ್‌ನ ಗ್ರೀನ್‌ವಿಚ್‌ಗೆ ಹೋಯಿತು. ನ್ಯೂಜೆರ್ಸಿಯ ಓಕ್ಲೆಂಡ್‌ನಲ್ಲಿ ಇನ್ನೊಂದಿದೆ. ಶನಿವಾರದ ಶಾಲೆಗಳು, ಶಿಶುವಿಹಾರಗಳು ಬೇರೆ. ನಾನು ಸಹಾಯಕಿಯಾಗಿ ದುಡಿದದ್ದು ನ್ಯೂಜೆರ್ಸಿಯ ಒಂದು ಸಣ್ಣ ಶಿಶುವಿಹಾರದಲ್ಲಿ.

ಕೆಲವು ಪದ್ಧತಿ ನಮಗೆ ಹೊಸದಲ್ಲ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಒಳಗೆ ಹಾಕೋಕೆ ಬೇರೆ ಶೂ ಇರುತ್ತೆ. ತರಗತಿ ಗುಡಿಸಿ ಒರೆಸುವುದು ಮಕ್ಕಳಿಗೂ ಪಾಠವೇ, ಅದು ಕೀಳು ಕೆಲಸ ಅಲ್ಲ. ಶಾಲಾ ವರ್ಷ ನಮ್ಮ ಯುಗಾದಿ ಆಸುಪಾಸಿನಲ್ಲಿ, ಏಪ್ರಿಲ್‌ನಲ್ಲಿ ಶುರು. ನಿಮ್ಮ ಮಗು ಓದುವ ಅಮೆರಿಕನ್ ಶಾಲೆ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತೆ. ರಜೆಗಳು ಹೊಂದಲ್ಲ, ಊರಿಗೆ ಟಿಕೆಟ್ ಮಾಡಿಸುವ ಮೊದಲು ಎರಡೂ ಕ್ಯಾಲೆಂಡರ್ ನೋಡಿ. ಸಸ್ಯಾಹಾರಿಗಳು ಒಂದು ಗಮನಿಸಿ: ತೊಫು ಸಾರು ಅಂದರೂ ಅದರ ನೀರಿಗೆ ಸಾಮಾನ್ಯವಾಗಿ ಒಣಮೀನು ಬಿದ್ದಿರುತ್ತೆ. ನಿಮ್ಮ ಡಬ್ಬಿ ನೀವೇ ಒಯ್ಯಿರಿ.

ಕಷ್ಟ ಬರುವುದು ಮಾತಿನಲ್ಲಿ. ಅವರ ‘ಹೈ’ ಅಂದರೆ ಎಷ್ಟೋ ಸಲ ‘ಕೇಳಿಸಿಕೊಂಡೆ’ ಅಂತ ಮಾತ್ರ, ‘ಒಪ್ಪಿದೆ’ ಅಂತ ಅಲ್ಲ. ನಾವು ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ಅವರಿಗೆ ತಿಳಿಯಲ್ಲ. ಮೊದಲ ವಾರ, ಯಾವ ಮಗುವಿಗೆ ಮೊಟ್ಟೆ ಆಗಲ್ಲ ಅಂತ ಟೀಚರ್ ಹೇಳಿದರು. ಹೆಸರು ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಕೇಳೋಕೆ ನಾಚಿಕೆಯಾಗಿ ‘ಹೈ, ಹೈ’ ಅಂದುಬಿಟ್ಟೆ. ಮಧ್ಯಾಹ್ನ ಅದೇ ಮಗುವಿನ ಮುಂದೆ ಕೇಕ್ ಇಡೋಕೆ ಹೋದೆ. ಟೀಚರ್ ಓಡಿ ಬಂದು ತಟ್ಟೆ ತೆಗೆದರು. ಬೈಯಲಿಲ್ಲ. ನನ್ನ ಕೈ ಮಾತ್ರ ಸಂಜೆವರೆಗೂ ನಡುಗುತ್ತಿತ್ತು.

ಆಮೇಲೆ ಅವರು ‘ಹೋ-ರೆನ್-ಸೋ’ ಕಲಿಸಿದರು: ಆದದ್ದನ್ನು ವರದಿ ಮಾಡು, ಸುದ್ದಿ ಮುಟ್ಟಿಸು, ಅನುಮಾನ ಬಂದರೆ ಕೇಳು. ಜಪಾನಿಯಲ್ಲಿ ಆ ಪದಕ್ಕೆ ಪಾಲಕ್ ಸೊಪ್ಪು ಅಂತಲೂ ಅರ್ಥ, ಹಾಗಾಗಿ ಮರೆಯಲ್ಲ. ಅವತ್ತಿಂದ ಕೇಳಿದ್ದನ್ನು ನನ್ನ ಮಾತಲ್ಲಿ ತಿರುಗಿ ಹೇಳಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತೇನೆ. ತಪ್ಪಾದರೆ ಅವರು ಕಂಡುಹಿಡಿಯುವ ಮೊದಲೇ ನಾನೇ ಹೇಳುತ್ತೇನೆ. ನೀವೂ ಹಾಗೇ ಮಾಡಿ.

ಸಂಬಳದ ವಿಷಯದಲ್ಲೂ ನಾಚಿಕೆ ಬೇಡ. ಎಲ್ಲರೂ ಕೂತಿದ್ದಾರೆ, ನಾನು ಹೇಗೆ ಏಳಲಿ ಅಂತ ಹೊತ್ತು ಮೀರಿ ಕೂರುತ್ತೇವೆ. ಮರ್ಯಾದೆ ಜಪಾನಿನದಿರಬಹುದು, ಕಾನೂನು ಮಾತ್ರ ಇಲ್ಲಿಯದು. ಗಂಟೆ ಲೆಕ್ಕದ ಸಹಾಯಕರು, ಅಡುಗೆಯವರು, ಕ್ಲೀನಿಂಗ್‌ನವರು ವಾರಕ್ಕೆ 40 ಗಂಟೆ ಮೀರಿ ದುಡಿದರೆ ಸಾಮಾನ್ಯವಾಗಿ ಒಂದೂವರೆ ಪಟ್ಟು ಕೂಲಿ ಬರಬೇಕು. ನ್ಯೂಜೆರ್ಸಿಯಲ್ಲಿ 2018ರಿಂದ, 30 ಗಂಟೆ ಕೆಲಸಕ್ಕೆ ಒಂದು ಗಂಟೆ ಸಂಬಳಸಹಿತ ಕಾಯಿಲೆ ರಜೆ, ವರ್ಷಕ್ಕೆ 40 ಗಂಟೆವರೆಗೆ. ಬಂದ, ಹೋದ ಹೊತ್ತನ್ನು ದಿನಾ ಬರೆದಿಡಿ. ಲೆಕ್ಕ ತಪ್ಪಿದ್ದರೆ ಸಮಾಧಾನವಾಗಿ ಕೇಳಿ. ಕೇಳುವುದು ಒರಟುತನ ಅಲ್ಲ.

ಇನ್ನೊಂದು ಮಾತು, ಅಕ್ಕತಂಗಿಯರಿಗೆ. ಎಚ್-4 ವೀಸಾದಲ್ಲಿರುವವರು ಕೆಲಸದ ಪರವಾನಗಿ ಕಾರ್ಡ್ ಕೈಗೆ ಬರುವವರೆಗೆ ಸಂಬಳಕ್ಕೆ ಒಂದು ಗಂಟೆಯೂ ದುಡಿಯಬೇಡಿ. ಆ ಕಾರ್ಡ್ ಎಲ್ಲ ಎಚ್-4ನವರಿಗೂ ಸಿಗಲ್ಲ. ‘ನಗದು ಕೊಡ್ತೀವಿ, ಬನ್ನಿ’ ಅಂತ ಯಾರೇ ಕರೆದರೂ ಹೋಗಬೇಡಿ. ನಿಮ್ಮ ವೀಸಾಕ್ಕೆ ತೊಂದರೆ ಬರಬಹುದು.

ಅರ್ಥವಾಗದಿದ್ದರೆ ‘ಇನ್ನೊಂದು ಸಲ ಹೇಳಿ’ ಅನ್ನಿ. ನಾನು ಈಗಲೂ ದಿನಕ್ಕೆ ಹತ್ತು ಸಲ ಅನ್ನುತ್ತೇನೆ.